ಫೈಲಕಾದ ಮಣ್ಣು

ಪ್ರೀತಿಯ ಬಾಪ್ಪು,

ನಿಮ್ಮ ಇಗರ್ಜಿಯ ಜುಬಿಲಿಗೆ ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಮಣ್ಣು ಬೇಕೆಂದಿರಲ್ಲ, ಅದಕ್ಕಾಗಿ ಶುಕ್ರವಾರ ಫೈಲಕಾ ದ್ವೀಪಕ್ಕೆ ಹೋಗಿ ಬಂದೆ. ಜೊತೆಗೆ ನಮ್ಮ ಆಸ್ಪತ್ರೆಯ ನರ್ಸ್ ಇಸಾಬೆಲ್ ಇದ್ದಳು. ಇರಾಕಿನ ದಾಳಿಯಲ್ಲಿ ಖಾಲಿಯಾದ ಮನೆಗಳು ಅಲ್ಲಿ ಬಾಗಿಲಿಲ್ಲದೆ ಹಾಗೇ ನಿಂತಿವೆ. ಅವನ್ನು ದಾಟಿದರೆ ಸಾವಿರ ವರ್ಷಕ್ಕೂ ಹಳೆಯ ಇಗರ್ಜಿಯ ಮೋಟು ಗೋಡೆಗಳು. ಇಸಾಬೆಲ್ ಮೊಣಕಾಲೂರಿ, ಅಲ್ಲಿ ಕೊಲೆಯಾದರೆಂದು ನೀವು ಹೇಳಿದ್ದ ಸನ್ಯಾಸಿಗಳಿಗಾಗಿ ಜಪಮಾಲೆ ಹೇಳಿದಳು. ನಾನು ಚೀಲಕ್ಕೆ ಮಣ್ಣು ತುಂಬಿದೆ.

ಆಮೇಲೆ ಗೈಡ್ ಯೂಸುಫ್ ಮೆಲ್ಲಗೆ ಹೇಳಿದರು: "ಅಗೆದವರಿಗೆ ಇಲ್ಲಿ ಯಾರನ್ನೂ ಕೊಂದ ಗುರುತು ಸಿಕ್ಕಿಲ್ಲ, ಸಿಸ್ಟರ್. ಇಸ್ಲಾಂ ಬಂದ ಮೇಲೂ ತುಂಬಾ ಕಾಲ ಆ ಸನ್ಯಾಸಿಗಳು ಇಲ್ಲೇ ಇದ್ದರು. ಆಮೇಲೆ ಹೋದರು. ಯಾಕೆ ಅಂತ ಸರಿಯಾಗಿ ಗೊತ್ತಿಲ್ಲ."

ಮಣ್ಣನ್ನು ಅಲ್ಲೇ ಸುರಿದು ಬಂದೆ. ಜುಬಿಲಿಯ ಭಾಷಣದಲ್ಲಿ ಇವರನ್ನು ರಕ್ತಸಾಕ್ಷಿಗಳೆನ್ನಬೇಡಿ, ಬಾಪ್ಪು. ಸುಲ್ತಾನನ ಕಾಲದಲ್ಲಿ ನಮ್ಮ ಹಿರಿಯರು ಶ್ರೀರಂಗಪಟ್ಟಣದ ಸೆರೆಯಲ್ಲಿ ಪಟ್ಟ ಪಾಡು ನಿಜ. ಅದರ ಪಕ್ಕದಲ್ಲಿ ನಡೆಯದ್ದನ್ನು ಇಟ್ಟರೆ ಜನ ನಿಜವನ್ನೂ ನಂಬಲಾರರು.

ನಿಮ್ಮ ಮಂಡಿನೋವಿನ ಎಣ್ಣೆಯನ್ನು ಊರಿಗೆ ಹೊರಟ ಜೋಯಲ್ ಕೈಯಲ್ಲಿ ಕಳಿಸಿದ್ದೇನೆ, ದಿನಾ ಹಚ್ಚಿಕೊಳ್ಳಿ.

ವಾಪಸು ಬರುವಾಗ ದೋಣಿಯಲ್ಲಿ ಇಸಾಬೆಲ್ ಕೇಳಿದಳು: "ನಾನು ಜಪಮಾಲೆ ಹೇಳುವಾಗ ಹಿಂದಿನಿಂದ ಪ್ರತಿ ಪ್ರಾರ್ಥನೆಯ ಉಳಿದರ್ಧ ಹೇಳಿ ಉತ್ತರ ಕೊಟ್ಟದ್ದು ನೀನೇ ಅಲ್ವಾ ಮಾರಾಯ್ತಿ?" ನಾನು ಬಾಯಿ ತೆರೆದಿರಲಿಲ್ಲ. ಆದರೆ ಆ ಉತ್ತರ ನನಗೂ ಕೇಳಿಸಿತ್ತು, ಹಲವು ಗಂಡಸರ ತಗ್ಗಿದ ಸ್ವರದಲ್ಲಿ. ದಮ್ಮಯ್ಯ, ಇದನ್ನು ಮಾತ್ರ ಅಲ್ಲಿ ಯಾರಿಗೂ ಹೇಳಬೇಡಿ. ಬರುವ ಭಾನುವಾರದೊಳಗೆ ಇನ್ನೊಂದು ಕಥೆ ಹುಟ್ಟಿಬಿಡುತ್ತದೆ.

ಡ್ಯೂಟಿಗೆ ಹೊತ್ತಾಯಿತು.

ನಿಮ್ಮ ಡೆಲ್ಮಾ
ಮಂಗಫ್, ಕುವೈತ್