ಏಳು ಬಳೆ ತೊಟ್ಟ ಲಾರಿ

ಬೈರಾಪಟ್ಟಣ,
೧೩-೭-೨೦೦೮, ಭಾನುವಾರ

ಭಾನುಪ್ರಿಯಳ ಅಪ್ಪನಿಗೆ ರಾಧಾಮಣಿ ಮಾಡುವ ನಮಸ್ಕಾರಗಳು.

ಸೊಂಟದ ನೋವು ಈಗ ಹೇಗಿದೆ? ಹೋದ ಸಲ ಫೋನಿನಲ್ಲಿ ಮಸ್ಕತ್ತಿನ ಬಿಸಿಲಿಗೆ ತಲೆ ಸಿಡಿಯುತ್ತದೆ ಎಂದಿರಿ. ನೀರು ಜಾಸ್ತಿ ಕುಡಿಯಿರಿ, ಮೂರು ಹೊತ್ತೂ ಆ ಒಣ ರೊಟ್ಟಿ ತಿನ್ನಬೇಡಿ, ನಿಮ್ಮ ಹೊಟ್ಟೆ ಮುದ್ದೆಗೆ ಒಗ್ಗಿದ್ದು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ವಾಡಿಕೆ, ಅದಕ್ಕೆ ಬರೆದಿದ್ದೇನೆ. ಭಾನು ಆರನೇ ಕ್ಲಾಸಿಗೆ ಬಂದಳು. ನಿಮ್ಮ ಮೂಗು, ನಿಮ್ಮ ಹಟ ಎರಡೂ ಅವಳಿಗೆ ಬಂದಿವೆ. ಮೂಗಿನ ಬಗ್ಗೆ ನನ್ನ ತಕರಾರಿಲ್ಲ. ಮಾವನಿಗೆ ಕೆಮ್ಮು ಬಿಟ್ಟಿಲ್ಲ, ಬೀಡಿಯೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಪೊರಕೆ ಹಿಡಿದು ಲಾರಿಯ ಮೇಲೆ ಹತ್ತಿ ಗುಡಿಸುವ ಅಭ್ಯಾಸವೊಂದಿತ್ತಲ್ಲ, ಈಗ ಗುಡಿಸಲು ಲಾರಿ ಮನೆಯ ಮುಂದಿಲ್ಲವಾದ್ದರಿಂದ ಅದು ನಿಲ್ಲುತ್ತಿದ್ದ ಜಾಗವನ್ನೇ ಗುಡಿಸುತ್ತಾರೆ.

ಫೋನಿರುವಾಗ ಕಾಗದವೇಕೆ ಎಂದು ಹುಬ್ಬೇರಿಸಬೇಡಿ. ಲಾರಿಯ ಮಾತೆತ್ತಿದರೆ ಸಾಕು, "ಕೇಳ್ಸ್ತಿಲ್ಲ ಕಣೇ" ಅನ್ನುತ್ತೀರಿ, ಲೈನು ಕಟ್ಟಾಗುತ್ತದೆ. ಕಾಗದಕ್ಕೆ ಆ ಸೌಕರ್ಯವಿಲ್ಲ. ಇದರ ಜೊತೆ ಆರ್‌ಟಿಓ ಆಫೀಸಿನ ಫಾರಂಗಳನ್ನೂ ಇಟ್ಟಿದ್ದೇನೆ. ಮಾವ ಲಾರಿಯನ್ನು ನಿಮ್ಮ ಹೆಸರಿಗೆ ಮಾಡಿಕೊಟ್ಟ ಪುಣ್ಯದಿಂದ ನಿಮ್ಮ ಸಹಿಯಿಲ್ಲದೆ ಅದನ್ನು ಗುಜರಿಗೂ ಹಾಕುವಂತಿಲ್ಲ. ಪೆನ್ಸಿಲಿನಲ್ಲಿ ಗುರುತು ಮಾಡಿರುವ ಕಡೆ ಸಹಿ ಹಾಕಬೇಕು. ಯಾಕೆ ಎಂದು ಬರೆಯುತ್ತೇನೆ, ಪೂರ್ತಿ ಓದಿ, ಆಮೇಲೆ ಸಿಟ್ಟು ಮಾಡಿಕೊಳ್ಳಿ.

ಬಿಡದಿಯ ಫ್ಯಾಕ್ಟರಿಗೆ ಮೂರು ವರ್ಷದಿಂದ ಮರದ ಪೆಟ್ಟಿಗೆ ಸಾಗಿಸುತ್ತಿದ್ದೇವಲ್ಲ, ಅವರು ಆಗಸ್ಟ್ ಒಂದರಿಂದ ಎಂಟು ವರ್ಷಕ್ಕಿಂತ ಹಳೆಯ ಗಾಡಿಯನ್ನು ಗೇಟಿನೊಳಗೆ ಬಿಡುವುದಿಲ್ಲವಂತೆ. ನಮ್ಮದಕ್ಕೆ ಇಪ್ಪತ್ತೆರಡು. ಈಗಾಗಲೇ ನಮ್ಮ ಗಾಡಿ ಒಳಗೆ ಹೋದರೆ ಗೇಟಿನವನು ಒಂದು ತಗಡಿನ ತಟ್ಟೆ ಕೊಡುತ್ತಾನೆ, ಇಂಜಿನ್ನಿನ ಕೆಳಗಿಡಲು. ಅವರ ನುಣ್ಣನೆಯ ನೆಲದ ಮೇಲೆ ಒಂದು ತೊಟ್ಟು ಆಯಿಲ್ ಬೀಳಬಾರದು. ಬೋರಲಿಂಗಯ್ಯ ಬಗ್ಗಿ ಆ ತಟ್ಟೆ ಇಡುವಾಗ ಬೇರೆ ಡ್ರೈವರುಗಳು ಹಸುಗೂಸಿಗೆ ಬಟ್ಟೆ ಕಟ್ಟಿದೆಯಾ ಎಂದು ಕೇಳಿ ನಗುತ್ತಾರಂತೆ. ಸ್ಟೋರ್ಸ್ ನೋಡಿಕೊಳ್ಳುವ ಸಾಹೇಬರು ಒಳ್ಳೆಯವರು, ಮೂವತ್ತೊಂದರೊಳಗೆ ಹೊಸ ಗಾಡಿಯ ಬುಕಿಂಗ್ ಕಾಗದ ತೋರಿಸಿದರೂ ಲಿಸ್ಟಿನಲ್ಲಿ ಹೆಸರು ಉಳಿಸುತ್ತೇನೆ ಎಂದಿದ್ದಾರೆ. ಬೇರೆ ಬಾಡಿಗೆ ಹುಡುಕಿಕೊಳ್ಳಿ ಎಂದು ನೀವು ಹೇಳುವುದು ಸುಲಭ. ಮಾವಿನಹಣ್ಣು ಎರಡು ತಿಂಗಳ ಮಾತು. ಎಳನೀರು, ತೆಂಗಿನಕಾಯಿಗೆ ಮದ್ದೂರಿನ ವ್ಯಾಪಾರಿಗಳೇ ಸಣ್ಣ ಗಾಡಿ ತಂದು ತೋಟದ ಬಾಗಿಲಿಗೆ ನಿಲ್ಲಿಸುತ್ತಾರೆ. ನೀವು ಹೋದಾಗ ಬಿಡದಿಯ ಸುತ್ತ ರಾಗಿ ಹೊಲವಿತ್ತು, ಈಗ ಕಾಂಪೌಂಡು ಗೋಡೆಗಳಿವೆ. ಗೋಡೆಯೊಳಗೆ ಕೆಲಸವಿದೆ, ಹೊರಗೆ ಇಲ್ಲ.

ನಿಮ್ಮ ಅಪ್ಪ ಇದನ್ನು ಒಪ್ಪಲಿಲ್ಲ. ಅವರ ವಾದ ನಿಮಗೆ ಬಾಯಿಪಾಠವಾಗಿದೆ, ನೀವೇ ಫೋನಿನಲ್ಲಿ ಅದನ್ನು ನನಗೆ ಒಪ್ಪಿಸಿದ್ದೀರಿ. ಲಾರಿಗೆ ತಮ್ಮ ಹೆಂಡತಿಯ ಹೆಸರು ಬರೆಸಿದ ಮನುಷ್ಯ ಅವರು. ಗಂಗಲಕ್ಷ್ಮಿ ಎಂದು ಹಣೆಯ ಮೇಲೆ ಬರೆಸಿದ ಮೇಲೆ ಬರಿಗೈಲಿ ಬಿಡಬಾರದೆಂದು, ಮೀಟರು ಲಕ್ಷ ಕಿಲೋಮೀಟರು ಮುಗಿಸಿ ಮತ್ತೆ ಸೊನ್ನೆಗೆ ಬಂದಾಗಲೆಲ್ಲ ಎಲ್ಲಿದ್ದರಲ್ಲೇ ನಿಲ್ಲಿಸಿ ಕಾಯಿ ಒಡೆದು, ಚನ್ನಪಟ್ಟಣದ ರೋಶನ್ ಬೀ ಮನೆಗೆ ಹೋಗಿ ಅರಗಿನ ಬಣ್ಣದ ಒಂದು ಮರದ ಬಳೆ ಮಾಡಿಸಿ ಗೇರಿನ ಕಂಬಿಗೆ ತೊಡಿಸಿದವರು. ಮೊದಲು ರೋಶನ್ ಬೀಯ ಗಂಡ ಮಾಡುತ್ತಿದ್ದರು, ಅವರು ಹೋದ ಮೇಲೆ ಆಕೆಯೇ ಮಾಡುತ್ತಾರೆ. ನಾನು ಈ ಮನೆಗೆ ಬಂದಾಗ ನಾಲ್ಕು ಬಳೆ ಇದ್ದವು. ಈಗ ಏಳು. ಹಳದಿಯಿಂದ ಶುರುವಾಗಿ ಕೊನೆಯದು ಹಸಿರು. ಮಾವ ದಿನಾ ಸಂಜೆ ಮೀಟರು ನೋಡುತ್ತಿದ್ದರು, ಬೇರೆಯವರ ಮನೆಯಲ್ಲಿ ಪಂಚಾಂಗ ನೋಡುವಂತೆ. "ಏಳು ಬಳೆ ತೊಟ್ಟವ್ಳೆ ಕಣವ್ವ, ಇನ್ನೂ ಮೂರು ತೊಡ್ತಾಳೆ. ಇಂಜಿನ್ ಬಿಚ್ಚಿ ಒಸಿ ಕೆಲ್ಸ ಮಾಡ್ಸುದ್ರೆ ಸಾಕು" ಎನ್ನುವುದು ಅವರ ತೀರ್ಮಾನ. ಏಳು ಲಕ್ಷ ಓಡಿದ ಗಾಡಿ ಇನ್ನೂ ಮೂರು ಲಕ್ಷ ಓಡುತ್ತದೆ ಎಂದು ನಾನೂ ಅರ್ಧ ನಂಬಿದ್ದೆ.

ಹೋದ ತಿಂಗಳ ಕೊನೆಗೆ ಕೋಡಿಹಳ್ಳಿಯಿಂದ ಹುಣಸೆಹಣ್ಣಿನ ಲೋಡು ಸಿಕ್ಕಿತು. ಭಾರ ಏನೂ ಜಾಸ್ತಿಯಿರಲಿಲ್ಲ. ಕನಕಪುರಕ್ಕೆ ಇನ್ನು ಸ್ವಲ್ಪ ದೂರವಿರುವಾಗ ಇಳಿಜಾರಿನಲ್ಲಿ ಲಾರಿಯ ನಡು ಕುಸಿಯಿತು. ಕುಸಿಯಿತು ಎಂದರೆ ಕುಸಿಯಿತು. ಕ್ಯಾಬಿನ್ನು ಮುಂದಕ್ಕೆ ಎದ್ದು, ಬಾಡಿ ಹಿಂದಕ್ಕೆ ಕೂತು, ಗಾಡಿ ಮೋರಿಗೆ ಹೋಗಿ ಒರಗಿತು. ಬೋರಲಿಂಗಯ್ಯನ ಹೆಗಲ ಮೂಳೆ ಮುರಿಯಿತು. ಎದುರಿಗೆ ಶಾಲೆಯ ಮಕ್ಕಳನ್ನು ತುಂಬಿಕೊಂಡ ಆಟೋ ಬರುತ್ತಿತ್ತಂತೆ, ಒಂದು ಗಳಿಗೆ ಹೆಚ್ಚುಕಮ್ಮಿಯಾಗಿದ್ದರೆ ನಾನು ಈ ಕಾಗದ ಬರೆಯುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಆವತ್ತು ನಿಮಗೆ ಫೋನು ಮಾಡಿದಾಗ ನೀವು ಮೊದಲು ಕೇಳಿದ್ದು, "ಗಾಡಿಗೇನಾಯ್ತು?" ಬೋರಲಿಂಗಯ್ಯ ಬದುಕಿದ್ದಾನಾ ಎಂದು ಎರಡನೆಯ ಮಾತಿಗಾದರೂ ಕೇಳುತ್ತೀರೇನೋ ಎಂದು ಕಾದೆ. ಅಷ್ಟರಲ್ಲಿ ಲೈನು ಹೋಯಿತು.

ಗಾಡಿಯನ್ನು ರಾಮನಗರಕ್ಕೆ ಎಳೆಸಿಕೊಂಡು ಹೋದೆವು. ಐಜೂರಿನ ಗ್ಯಾರೇಜಿನ ಮೇಸ್ತ್ರಿ ಗಾಡಿಯ ಕೆಳಗೆ ನುಗ್ಗಿ ಅರ್ಧ ಗಂಟೆ ಆಚೆ ಬರಲಿಲ್ಲ. ಬಂದವನು ಮಾವನನ್ನು ಟೀ ಕುಡಿಯಲು ಕಳುಹಿಸಿ ನನ್ನನ್ನು ಕರೆದ. ಚಾಸಿಗೆ ನಾಲ್ಕು ಕಡೆ ಬೆಸುಗೆ ಹಾಕಿಸಿ ಮೇಲೆ ಬಣ್ಣ ಬಳಿದಿದ್ದಾರೆ, ಇದು ಕಾಯಿ ಹೊತ್ತ ಗಾಡಿಯ ಬೆನ್ನಲ್ಲ, ಮರಳು ಹೊತ್ತ ಬೆನ್ನು ಎಂದ. ನಾನು ಏಳು ಬಳೆ ತೋರಿಸಿದೆ. ಅವನು ನಕ್ಕು ಮೀಟರಿನ ಹಿಂದಿನ ಕೇಬಲ್ ಬಿಚ್ಚಿ ಅದರ ನಟ್ಟು ನನ್ನ ಅಂಗೈಗೆ ಹಾಕಿದ. ಮೂಲೆಗಳೆಲ್ಲ ಸವೆದು ಕಡಲೆಕಾಳಿನಂತೆ ದುಂಡಗಾಗಿತ್ತು. ಇದನ್ನು ಯಾರೋ ದಿನಾ ಬಿಚ್ಚಿ ದಿನಾ ಹಾಕಿದ್ದಾರಮ್ಮ ಎಂದ. ಕೇಬಲ್ ಬಿಚ್ಚಿದರೆ ಗಾಡಿ ಓಡಿದರೂ ಮೀಟರು ಓಡುವುದಿಲ್ಲವಂತೆ.

ನಾನು ನೆಟ್ಟಗೆ ಆಸ್ಪತ್ರೆಗೆ ಹೋಗಿ ಬೋರಲಿಂಗಯ್ಯನ ಮುಂದೆ ಆ ನಟ್ಟು ಇಟ್ಟೆ. ನೀವು ಗಾಡಿ ಓಡಿಸುತ್ತಿದ್ದ ಕಾಲದಲ್ಲಿ ನಿಮ್ಮ ಜೊತೆ ಎರಡನೇ ಡ್ರೈವರಾಗಿದ್ದವನು ಅವನೊಬ್ಬನೇ ತಾನೆ. ಗೋಡೆ ಕಡೆ ತಿರುಗಿ ಮಲಗಿದ. ಆಮೇಲೆ ಗೋಡೆಗೇ ಹೇಳಿದ: "ಕಣ್ವ ಹೊಳೆ ಮರಳು ಹೊಡೀತಿದ್ವಿ ಕಣಕ್ಕ, ರಾತ್ರಿಗೆ ಎರಡೆರಡು ಟ್ರಿಪ್ಪು. ಊರು ಬುಡ್ತಿದ್ದಂಗೆ ಅಣ್ಣ ಕೇಬಲ್ ಬಿಚ್ಬುಡೋರು, ವಾಪಸ್ ಬರೋವಾಗ ಹಾಕ್ಬುಡೋರು. ಮೂರು ವರ್ಸ. ಬರ್ದಿಟ್ಟಿಲ್ಲ, ಆದ್ರೂ ಎರಡು ಬಳೆಯಷ್ಟು ಓಡಿರದ್ರಲ್ಲಿ ಅನುಮಾನ ಇಲ್ಲ." ಮೂಳೆ ಮುರಿದವನನ್ನು ಇನ್ನೇನು ಬೈಯಲಿ? ತಂದಿದ್ದ ಗಂಜಿ ಕುಡಿಸಿ ಬಂದೆ.

ಆ ಮೂರು ವರ್ಷ ನನಗೆ ಚೆನ್ನಾಗಿ ನೆನಪಿದೆ. ರಾಮನಗರದ ಮಂಡಿಯಲ್ಲಿ ಸರದಿ ಹಿಡಿಯಬೇಕು, ಗಾಡಿಯಲ್ಲೇ ಮಲಗುತ್ತೇನೆ ಎಂದು ವಾರಕ್ಕೆ ಐದು ರಾತ್ರಿ ಹೋಗುತ್ತಿದ್ದಿರಿ. ಬುತ್ತಿ ಕಟ್ಟಿಕೊಡುತ್ತಿದ್ದವಳು ನಾನು. ಸೊಳ್ಳೆ ಕಚ್ಚೀತೆಂದು ನನ್ನ ಹಳೆಯ ಸೀರೆಯನ್ನೂ ಕೊಟ್ಟಿದ್ದೆ. ಆ ದುಡ್ಡು ಎಲ್ಲಿ ಹೋಯಿತು ಎಂದು ನಾನು ಕೇಳುವುದಿಲ್ಲ, ಗೊತ್ತಾಯಿತು. ಮಸ್ಕತ್ತಿನ ವೀಸಾ ಸ್ನೇಹಿತರೊಬ್ಬರು ಪುಕ್ಕಟೆ ಮಾಡಿಸಿಕೊಟ್ಟರು ಎಂದಿರಲ್ಲ, ಆ ಸ್ನೇಹಿತರ ಹೆಸರು ಗಂಗಲಕ್ಷ್ಮಿ. ನಿಮ್ಮ ಅಮ್ಮನ ಹೆಸರಿನ ಗಾಡಿಯ ನಡು ಮುರಿದು ಅದಕ್ಕೆ ಬಣ್ಣ ಬಳಿದು ವಿಮಾನ ಹತ್ತಿದಿರಿ. ಬಳೆ ತೊಡಿಸುವ ಮುದುಕನ ಎದುರು ಸಂಜೆ ಕೈಕಟ್ಟಿ ನಿಂತು ಮೀಟರು ತೋರಿಸುತ್ತಿದ್ದಿರಿ. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು ಎನ್ನುತ್ತಾರೆ, ನಿಮಗೆ ಮಾತ್ರ ದಾಟಿದ ಮೇಲೂ ದೋಣಿಯ ಮೇಲೆ ಮಮತೆ. "ಅಪ್ಪನ ಗಾಡಿ ಕಣೇ, ಮಾರ್ಬೇಡ, ನಾನು ಬಂದು ಓಡಿಸ್ತೀನಿ" ಎಂದು ಅಲ್ಲಿ ಓಡಿಸುವ ಲಾರಿಯ ಏಸಿ ಕ್ಯಾಬಿನ್ನಿನಲ್ಲಿ ಕೂತು ಹೇಳುತ್ತೀರಿ. ದೂರದ ಬೆಟ್ಟ ನುಣ್ಣಗೆ. ಎರಡು ವರ್ಷ ಎಂದು ಹೋದವರು ನಾಲ್ಕು ಮಾಡಿದಿರಿ, ಮೊನ್ನೆ ಇನ್ನೂ ಎರಡಕ್ಕೆ ಕಾಗದ ಮಾಡಿಸಿದ್ದನ್ನು ನನಗೆ ಹೇಳಿದ್ದು ಭಾನು. ಅವಳಿಗೆ ನೀವು ಹೇಳಿದ್ದು, ಅಮ್ಮನಿಗೆ ಹೇಳಬೇಡ ಎಂದು. ಹನ್ನೊಂದು ವರ್ಷದ ಹುಡುಗಿಯ ಕೈಲಿ ಗುಟ್ಟು ಕೊಡುವ ಬುದ್ಧಿ ನಿಮಗೆ ಎಲ್ಲಿಂದ ಬಂತೋ ಕಾಣೆ.

ಇಷ್ಟೂ ನನ್ನ ಹೊಟ್ಟೆಯಲ್ಲೇ ಇದೆ. ಮಾವನಿಗೆ ಹೇಳಿಲ್ಲ. ಹನ್ನೆರಡು ದಿನವಾಯಿತು. ಅವರು ಸುಮ್ಮನೆ ಕೂತಿಲ್ಲ. ಅತ್ತೆಯ ಗುಂಡಿನ ಸರ, ಭಾನುವಿನ ಮದುವೆಗೆಂದು ಎತ್ತಿಟ್ಟಿದ್ದು, ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಿಂದ ತೆಗೆದು ಹೊರಗಿಟ್ಟಿದ್ದಾರೆ. ಅದನ್ನು ಅಡವಿಟ್ಟು ಚಾಸಿ, ಇಂಜಿನ್ನು ಎರಡೂ ಹೊಸದು ಹಾಕಿಸುತ್ತಾರಂತೆ. ಏಳೇ ಲಕ್ಷ ಓಡಿದ ಗಾಡಿಯನ್ನು ಯಾರಾದರೂ ಬಿಡುತ್ತಾರಾ ಎಂದು ನನ್ನನ್ನೇ ಕೇಳುತ್ತಾರೆ. ಏಳಲ್ಲ ಮಾವ, ಒಂಬತ್ತು ಎಂದು ಹೇಳಬೇಕು. ಹೇಳಿದರೆ ಆ ಜೀವ ಉಳಿಯುವುದಿಲ್ಲ. ಹೇಳದಿದ್ದರೆ ಸರ ಉಳಿಯುವುದಿಲ್ಲ, ಆ ಗಾಡಿಯ ಚಕ್ರದ ಮುಂದೆ ನಾಳೆ ಯಾರ ಮಗು ಬರುತ್ತದೋ ಅದೂ ಉಳಿಯುವುದಿಲ್ಲ. ಸುಳ್ಳು ಹೇಳಿದವರು ನೀವು, ಅದನ್ನು ಕಾಯುವ ಕೂಲಿ ನನ್ನದು. ಒಂದೊಂದು ತುತ್ತು ಬಡಿಸುವಾಗಲೂ ಆ ಮುಖ ನೋಡಲಾರದೆ ತಟ್ಟೆ ನೋಡುತ್ತೇನೆ. ನಿಮ್ಮ ಮೇಲೆ ನನಗೆ ಬಂದಿರುವ ಸಿಟ್ಟು ಎಂಥದ್ದೆಂದರೆ, ಅಳು ಕೂಡ ಬರುತ್ತಿಲ್ಲ.

ಆದ್ದರಿಂದ ನಾನು ತೀರ್ಮಾನ ಮಾಡಿದ್ದೇನೆ. ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಗಾಡಿ ಗುಜರಿಗೆ. ಹೊಸ ಗಾಡಿ ಸಾಲದ ಮೇಲೆ ನನ್ನ ಹೆಸರಿನಲ್ಲಿ, ಬಿಡದಿಯ ಸಾಹೇಬರ ಲಿಸ್ಟಿನಲ್ಲಿ. ಬೋರಲಿಂಗಯ್ಯನ ಹೆಗಲು ಕೂಡಿದ ಮೇಲೆ ಅವನೇ ಓಡಿಸುತ್ತಾನೆ, ಅಲ್ಲಿಯವರೆಗೆ ಬದಲಿ ಡ್ರೈವರ್ ಗೊತ್ತು ಮಾಡಿದ್ದೇನೆ. ಮಾವನಿಗೆ ನೀವೇ ಫೋನು ಮಾಡಿ, ಫ್ಯಾಕ್ಟರಿಯವರ ಕಾನೂನು, ಬೇರೆ ದಾರಿಯಿಲ್ಲ, ನಾನೇ ಮಾರಲು ಹೇಳಿದೆ ಎನ್ನಿ. ನಿಮಗೆ ಸುಳ್ಳು ಹೊಸದಲ್ಲ. ಈ ಒಂದನ್ನು ನಿಮ್ಮ ಅಪ್ಪನ ಸಲುವಾಗಿ ಹೇಳಿ. ಕೇಳಿಸುತ್ತಿಲ್ಲ ಎನ್ನಬೇಡಿ.

ಒಬ್ಬರೇ ಇದ್ದೀರಿ, ಆರೋಗ್ಯ ನೋಡಿಕೊಳ್ಳಿ. ಕಣ್ಣು ಮಂಜಾದರೆ ಗಾಡಿ ಪಕ್ಕಕ್ಕೆ ಹಾಕಿ ಮಲಗಿ. ಭಾನು ಮುತ್ತು ಕಳುಹಿಸಿದ್ದಾಳೆ, ಅದು ಅವಳದು, ನನ್ನದಲ್ಲ.

ಇಂತಿ,
ರಾಧಾಮಣಿ

ತಾ.ಕ.: ಕವರು ಅಂಟಿಸುತ್ತಿದ್ದೆ, ಅಷ್ಟರಲ್ಲಿ ಮಾವ ಬಂದರು. ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗಿದ್ದವರು. ಐಜೂರಿಗೆ ಹೋಗಿ ಲಾರಿಯ ಗೇರಿನ ಕಂಬಿಯನ್ನು ಬಳೆಗಳ ಸಮೇತ ಬಿಚ್ಚಿಸಿಕೊಂಡು, ಚನ್ನಪಟ್ಟಣದಲ್ಲಿ ರೋಶನ್ ಬೀ ಹತ್ತಿರ ಇನ್ನೆರಡು ಬಳೆ ಮಾಡಿಸಿಕೊಂಡು ಬಂದಿದ್ದಾರೆ. ಅವೆರಡಕ್ಕೆ ಅರಗಿಲ್ಲ, ಬಣ್ಣವಿಲ್ಲ, ಬರಿ ಮರ. ಎಲ್ಲವನ್ನೂ ಟವೆಲಿನಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟು, "ಫಾರಂ ಜೊತೆ ಇದ್ನೂ ಅವ್ನಿಗೆ ಕಳ್ಸವ್ವ" ಎಂದರು. ದೇವರಾಣೆ, ನಾನು ಬಾಯಿ ಬಿಟ್ಟಿರಲಿಲ್ಲ. ಯಾರು ಹೇಳಿದರು ಮಾವ ಎಂದೆ. "ಯಾರ್ ಯೋಳ್ಬೇಕು? ದಿನಾ ಬೆಳಿಗ್ಗೆ ಬಾಡಿಲಿದ್ದ ಮರಳು ಗುಡಿಸ್ತಿದ್ದೋನು ನಾನೇ ಅಲ್ವಾ. ಎಷ್ಟು ರಾತ್ರಿ ಅನ್ನೋ ಲೆಕ್ಕ ನಂಗೂ ಬತ್ತದೆ. ಮನೆ ಕಟ್ಟಕ್ಕೆ ದುಡ್ಡು ಕೂಡಿಕತಾವ್ನೆ ಅನ್ಕಂಡು ಸುಮ್ಕಿದ್ದೆ" ಎಂದರು. ಹಾಗಾದರೆ ಸರ ಯಾಕೆ ತೆಗೆದಿರಿ, ಸತ್ತ ಗಾಡಿಗೆ ಯಾಕೆ ಇಷ್ಟು ಒದ್ದಾಡಿದಿರಿ ಎಂದೆ. ಸರವನ್ನು ಪೆಟ್ಟಿಗೆಗೆ ವಾಪಸ್ಸು ಇಡುತ್ತಾ ಹೇಳಿದರು, "ಗಾಡಿ ಇದ್ರೆ ಓಡ್ಸಕ್ಕಾದ್ರೂ ಬತ್ತಾನೆ ಅಂತಿದ್ದೆ ಕಣವ್ವ. ಗುಜರಿಗೆ ಕೊಟ್ಬುಡು." ಆದ್ದರಿಂದ ನೀವು ಸುಳ್ಳು ಹೇಳಲು ಫೋನು ಮಾಡಬೇಕಾಗಿಲ್ಲ. ಸಹಿ ಮಾತ್ರ ಕಳುಹಿಸಿ.