ಏಳನೇ ತೊಲೆಯ ಅಳತೆ

ಮಂಗಳವಾರ, ತಾರೀಖು ಹದಿನಾಲ್ಕು

ಮಗಳೇ,

ನೀನೂ ಪುಟ್ಟಿಯೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದು ಸುಮ್ಮನೆ ಕೂತುಬಿಡುತ್ತೇನೆ. "ಕಬ್ಬಿಣದ ಜೊತೆ ಇದ್ದೂ ಇದ್ದೂ ನೀವೂ ಕಬ್ಬಿಣ ಆಗ್ಬಿಟ್ರಿ" ಅಂತ ನಿನ್ನಮ್ಮ ಗೊಣಗುತ್ತಾಳೆ. ಇರಬಹುದು. ಅಳಿಯಂದಿರು ಹೋಗಿ ಮೂರು ತಿಂಗಳಾದರೂ ನನಗೆ ಅಳು ಬಂದಿಲ್ಲ.

ವಿಚಾರಣೆ ಮುಗಿಯಿತು. ಕಡಲಡಿಯ ಸುರಂಗದ ಚಾವಣಿ ಹೊತ್ತ ಏಳನೇ ಉಕ್ಕಿನ ತೊಲೆಗೆ ಅವರು ಯಾರನ್ನೂ ಕೇಳದೆ ಚೈನ್ ಪುಲ್ಲಿ ಕಟ್ಟಿ ಪಂಪು ಎತ್ತಿದರು, ತೊಲೆ ಮುರಿದು ಮೈಮೇಲೆ ಬಿತ್ತು, ತಪ್ಪು ಅವರದೇ ಎಂದು ಬರೆದಿದ್ದಾರೆ. "ಸತ್ತವನ ಮೇಲೆ ಹಾಕಿದ್ರೆ ಎದುರಾಡೋರು ಯಾರು ಹೇಳಿ?" ಅಂದ ನಮ್ಮ ವೆಲ್ಡರ್. ನಾನು ಕೈಕಟ್ಟಿ ಕೂತಿದ್ದೆ.

ಮುರಿದ ತುಂಡು ಶೆಡ್ಡಿನ ಮುಂದೆ ಬಿದ್ದಿದೆ. ಇಪ್ಪತ್ತು ವರ್ಷ ಅದರ ಮೇಲೆ ಉಪ್ಪುನೀರು ತೊಟ್ಟಿಕ್ಕಿದೆ. ತುಕ್ಕು ಹಿಡಿದ ಉಕ್ಕು ತೆಳ್ಳಗೆ ಕಾಣುತ್ತದೆ ಎಂದು ಜನ ತಿಳಿದಿರುತ್ತಾರೆ. ಇಲ್ಲ ಕಣೇ, ತುಕ್ಕು ಊದಿಕೊಳ್ಳುತ್ತದೆ. ಒಳಗೆ ಉಕ್ಕು ಕರಗುತ್ತಿದ್ದರೂ ಹೊರಗೆ ಪದರದ ಮೇಲೆ ಪದರ ಕಟ್ಟಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಅದಕ್ಕೇ ಸುತ್ತಿಗೆಯಿಂದ ಬಡಿದು, ಕೆರೆದು, ಹೊಳಪು ಕಂಡ ಮೇಲೆಯೇ ದಪ್ಪ ಅಳೆಯಬೇಕು. ಹೊಸಬರಿಗೆಲ್ಲ ಇದನ್ನು ಬಾಯಿಪಾಠ ಮಾಡಿಸಿದವನು ನಾನೇ.

ಪುಟ್ಟಿಯ ಮುಂದಿನ ಹಲ್ಲು ಬಿತ್ತಂತೆ. ಬೊಚ್ಚುಬಾಯಿಯ ಫೋಟೋ ಕಳಿಸು. ನಲ್ಲಿ ಸೋರುತ್ತಿದೆ ಎಂದಿದ್ದೆಯಲ್ಲ, ಬಂದಾಗ ವಾಷರ್ ಹಾಕಿಕೊಡುತ್ತೇನೆ. "ಮಗು ಇದೆ ಅಂತಾನೂ ಯೋಚಿಸದ ಮನುಷ್ಯನ ಬೂಟು ಮನೇಲಿ ಬೇಡ, ಎಸೀತೀನಿ" ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ನಿನಗೂ ಮಗುವಿಗೂ ಒಳ್ಳೆಯದಾಗಲಿ. ನಿಮ್ಮ ತಲೆಯ ಮೇಲಿನ ಸೂರು ಭದ್ರವಾಗಿರಲಿ.

ನಿನ್ನ
ಅಪ್ಪ

ಮರೆತದ್ದಲ್ಲ, ಬರೆಯಲಾಗದೆ ಉಳಿಸಿದ್ದು: "ಅವರು ನಿಮ್ಮನ್ನಾದ್ರೂ ಒಂದು ಮಾತು ಕೇಳ್ಲಿಲ್ವಾ ಅಪ್ಪಾ?" ಎಂದು ನೀನು ಕಾಗದದಲ್ಲಿ ಕೇಳಿದ್ದೆ. ಕೇಳಿದರು. "ಮಾವ, ಏಳನೇದು ತಡ್ಕೊಳ್ಳುತ್ತಾ?" ಅಂದರು. ನಾನು ಅಳತೆಯ ಪುಸ್ತಕ ನೋಡಿ, "ಹನ್ನೆರಡು ಮಿಲಿಮೀಟರ್ ಇದೆ, ಆನೆ ಬೇಕಾದ್ರೂ ಕಟ್ಟಿ" ಅಂದೆ. ಹೊಸದರಲ್ಲೂ ಅದು ಹನ್ನೆರಡೇ ಇತ್ತು. ಅಳೆಯುವ ದಿನ ಏಣಿ ಹತ್ತಿ ಇಳಿದು ಮಂಡಿ ನೋಯುತ್ತಿತ್ತು. ಅದೊಂದನ್ನು ಕೆರೆಯದೆ, ತುಕ್ಕಿನ ಮೇಲೆಯೇ ಅಳೆದಿದ್ದೆ. ವಿಚಾರಣೆಯವರೂ ಅದೇ ಹನ್ನೆರಡನ್ನು ನಂಬಿದರು. ನಾನು ಬಾಯಿ ಬಿಡಲಿಲ್ಲ.

ಈ ಕಾಗದವನ್ನು ಯಾರಿಗೆ ತೋರಿಸಬೇಕೋ ತೋರಿಸು. ಬೂಟು ಎಸೆಯಬೇಡ.