ಡಬ್ಬಿಯ ಮೇಲೆ ಬರೆದ ಹೆಸರು

ಅಕ್ಕಾ,

ನೀನು ತೀರಿಹೋಗಿ ಎರಡು ವರ್ಷವಾಯಿತು. ನಿನಗೆ ಸುದ್ದಿ ಹೇಳುವ ಬುದ್ಧಿ ನನಗೆ ಈಗ ಬಂದಿದೆ.

ನೀನು ಕೊಟ್ಟ ಕಿಡ್ನಿಯಿಂದ ಬಂದ ಬೆಳಗಿನ ಮೊದಲ ಮೂತ್ರವನ್ನು ಇವತ್ತು ಡಬ್ಬಿಯಲ್ಲಿ ಹಿಡಿದು, ಊಟದ ಬ್ಯಾಗಿನಲ್ಲಿಟ್ಟುಕೊಂಡು, ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ನಿಂತೇ ಹೋದೆ. ಸೀಟಿನಲ್ಲಿದ್ದ ಹೆಂಗಸು, “ಬ್ಯಾಗ್ ಕೊಡಣ್ಣ, ಇಟ್ಕತೀನಿ” ಎಂದಳು. ಕೊಡಲಿಲ್ಲ.

ಸೂಜಿ ಚುಚ್ಚದೆ ಕಿಡ್ನಿಯ ಸ್ಥಿತಿ ತಿಳಿಯಬಹುದೇ ಎಂದು ಅಲ್ಲಿನ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಯುತ್ತಿದೆ. ಲ್ಯಾಬಿನ ಭಾನುಪ್ರಿಯಾ ವಿವರಿಸಿದಳು: “ಕಿಡ್ನಿಯ ಜೀವಕೋಶಗಳು ಕಣ್ಣಿಗೆ ಕಾಣದಂಥ ಪುಟ್ಟ ಚೀಲಗಳನ್ನ ಮೂತ್ರಕ್ಕೆ ಬಿಡ್ತಾ ಇರ್ತವೆ ಸಾರ್. ಕಿಡ್ನಿ ಹೆಂಗಿದೆ ಅಂತ ಅವೇ ಹೇಳ್ತವೆ.”

“ಹಂಗಾದ್ರೆ ಅವು ನನ್ನವಲ್ಲ ಅನ್ನಿ?”

“ಕಿಡ್ನಿಯಿಂದ ಬಂದಿದ್ದೆಲ್ಲ ಕೊಟ್ಟೋರದ್ದೇ ಸಾರ್.”

ಡಬ್ಬಿಯ ಚೀಟಿಯ ಮೇಲೆ ನಿನ್ನ ಹೆಸರು ಬರೆದುಬಿಟ್ಟೆ: ದೊಡ್ಡಗಂಗಮ್ಮ, ಚೇಳೂರು. “ಪೇಷೆಂಟ್ ಹೆಸರು ಬರೀರಿ ಸಾರ್” ಎಂದು ಅವಳು ಅದನ್ನು ಕಿತ್ತು, ಬೇರೆ ಚೀಟಿ ಅಂಟಿಸಿದಳು.

ಆಪರೇಷನ್ ಆದಾಗಿನಿಂದ ನೀನು ದಿನಾ ಫೋನ್ ಮಾಡಿ, “ನೀರು ಕುಡಿದ್ಯೇನ್ಲಾ? ಚೆನ್ನಾಗಿದೀಯಾ?” ಎನ್ನುತ್ತಿದ್ದೆ. ನಾನು “ಹೂಂ” ಎಂದು ಇಟ್ಟುಬಿಡುತ್ತಿದ್ದೆ.

ಹೊರಡುವಾಗ ಭಾನುಪ್ರಿಯಾ ಕೇಳಿದಳು: “ಕಿಡ್ನಿ ಕೊಟ್ಟೋರು ಚೆನ್ನಾಗಿದಾರಾ ಸಾರ್?”

ಅವಳಿಗೂ “ಹೂಂ” ಎಂದೆ.